ಉಸಿರು ಬಿಗಿಹಿಡಿಯುವ ಕೆಲಸ

ಹದಿನೇಳು ವರ್ಷ ಓದಿದ ಮೇಲೆ ಅವನಿಗೆ ಸಿಕ್ಕಿದ್ದು ಉಸಿರು ಬಿಗಿಹಿಡಿಯುವ ಕೆಲಸ. ನೇಮಕಾತಿ ಪತ್ರದಲ್ಲಿ ಬೇರೆ ಏನೋ ಬರೆದಿತ್ತು. ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಯೋಗಿ ಎಂದೇ ಕರೆಯುತ್ತಿದ್ದರು. ಅವನು ಆಸನ ಹಾಕಿದ್ದನ್ನು ಕಂಡವರಿಲ್ಲ.

ಮರೆವಿನ ಕಾಯಿಲೆ ಆಲ್ಝೈಮರ್‌ನಲ್ಲಿ ಮಿದುಳೊಳಗೆ ಪ್ರೋಟೀನು ದಾರದ ಹಾಗೆ ಹುರಿಗೊಂಡು ಗಂಟು ಕಟ್ಟುತ್ತದೆ. ಆ ಹುರಿಯ ಆಕಾರ ತಿಳಿಯಬೇಕು. ಅದಕ್ಕಾಗಿ ತೀರಿಕೊಂಡವರು ದಾನ ಕೊಟ್ಟ ಮಿದುಳಿನಿಂದ ತೆಗೆದ ದ್ರವವನ್ನು ಅವನು ಬೇಳೆಯಷ್ಟಗಲದ ತಾಮ್ರದ ಜಾಲರಿಯ ಮೇಲಿಟ್ಟು, ಕ್ಷಣದಲ್ಲಿ ಹೆಪ್ಪುಗಟ್ಟಿಸಿ, ಚಿಮಟದಲ್ಲಿ ಹಿಡಿದು ಡಬ್ಬಿಗೆ ಇಳಿಸುತ್ತಾನೆ. ಇಳಿಸುವಾಗ ಉಸಿರು ತಗುಲಿದರೆ ಜಾಲರಿಯ ಮೇಲೆ ಹಿಮ ಕೂರುತ್ತದೆ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಕಾಣುವುದು ಅವನ ಉಸಿರು ಮಾತ್ರ. ಅದರ ಬಗ್ಗೆ ಸಂಶೋಧನೆ ಮಾಡಲು ಯಾರಿಗೂ ಆಸಕ್ತಿಯಿಲ್ಲ.

ಆ ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಶೀಷೆಯಲ್ಲಿ ಉಳಿದಿದ್ದ ಕೊನೆಯ ಹನಿ ತೀರಿಕೊಂಡ ಅವರ ಹೆಂಡತಿಯ ಮಿದುಳಿನದು.

"ಆರು ವರ್ಷ ನನ್ನನ್ನ ಪ್ಲಂಬರ್ ಅಂದ್ಕೊಂಡಿದ್ಲು. ಮನೇಲಿ ನಲ್ಲಿಗಳೆಲ್ಲಾ ಸರಿಯಾಗೇ ಇತ್ತು. ಅವಳ ತಲೇಲಿ ಏನು ಕೂತಿತ್ತು ಅಂತ ಒಂದ್ಸಲ ನೋಡ್ಬೇಕು ಕಣಪ್ಪಾ."

"ಇದ್ರಲ್ಲಿ ನಾಲ್ಕು ಜಾಲರಿ ಆಗತ್ತೆ, ಆಮೇಲೆ ಖಾಲಿ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ಅವನತ್ತ ತಿರುಗಿ, "ಯೋಗಿಗಳೇ, ಕೈ ಕೊಡಬೇಡಿ."

ಅವನು ಮೊದಲನೆಯದನ್ನು ಎತ್ತಿದ. ಉಸಿರು ಬಿಗಿಹಿಡಿದ.

"ಎಷ್ಟೊತ್ತು ಹಿಡೀಬೇಕಪ್ಪಾ?" ಎಂದರು ಮೇಷ್ಟ್ರು.

"ಹದಿನೈದು ಸೆಕೆಂಡ್ ಸಾರ್."

ಮೇಷ್ಟ್ರು ಕೇಳಿದಾಗ ಬಾಯಿ ಮುಚ್ಚಿಕೊಂಡಿರುವುದನ್ನು ಹದಿನೇಳು ವರ್ಷದಲ್ಲಿ ಯಾರೂ ಅವನಿಗೆ ಕಲಿಸಿರಲಿಲ್ಲ. ಜಾಲರಿ ಬೆಳ್ಳಗಾಯಿತು.

"ಹೋಯ್ತಾ?"

"ಹೋಯ್ತು ಸಾರ್," ಎಂದ, ಎರಡನೆಯದನ್ನು ಎತ್ತುತ್ತಲೇ. ಅದೂ ಹೋಯಿತು.

ಮೂರನೆಯದಕ್ಕೆ ಮೇಷ್ಟ್ರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ತಾವೂ ಉಸಿರು ಬಿಗಿಹಿಡಿದರು. ಅವರ ಮುಖ ಕೆಂಪೇರಿದ್ದನ್ನು ಕಂಡು ಇವನು ಅವಸರಪಟ್ಟು ಚಿಮಟ ಬಿಗಿಯಾಗಿ ಒತ್ತಿದ್ದಕ್ಕೆ ಜಾಲರಿ ಮುದುರಿತು. ನಾಲ್ಕನೆಯದಕ್ಕೆ ಮೇಷ್ಟ್ರು ಯಾರೂ ಹೇಳದೆಯೇ ಹೊರಗೆ ಹೋಗಿ, ಕಾರಿಡಾರಿನಲ್ಲಿ ಗೋಡೆಗೆ ಮುಖಮಾಡಿ ನಿಂತರು.

ನಾಲ್ಕನೆಯದು ಉಳಿಯಿತು. ಮಧ್ಯಾಹ್ನ ಮೈಕ್ರೋಸ್ಕೋಪಿನ ಪರದೆಯ ಮೇಲೆ ಮಸುಕು ಬೂದು ಬಣ್ಣ ಮೂಡಿತು. ಅದರ ತುಂಬ ದಾರಗಳು, ಎರಡೆರಡು ಎಳೆ ಒಂದಕ್ಕೊಂದು ಸುತ್ತಿಕೊಂಡಂಥವು.

"ಇಷ್ಟೇನಾ?"

"ಇಷ್ಟೇ ಸಾರ್."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಇಷ್ಟು ಸಣ್ಣದಕ್ಕೆ ಅವಳು ಸೋತ್ಲಾ? ನನ್ನ ಹತ್ರ ಒಂದು ದಿನಾನೂ ಸೋತವಳಲ್ಲ."

ಅವನು ಮೌಸ್ ಹಿಡಿದು ಕೂತ. ಒಂದೊಂದೇ ದಾರಕ್ಕೆ ಗುರುತು ಹಾಕತೊಡಗಿದ. ಸಾವಿರಾರು ಗುರುತು ಒಟ್ಟಾದ ಮೇಲೇ ಕಂಪ್ಯೂಟರು ಆಕಾರ ಹೇಳುವುದು. ಮೇಷ್ಟ್ರು ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಭುಜದ ಮೇಲಿನಿಂದ ಬೆರಳೊಂದು ಪರದೆಯತ್ತ ಚಾಚಿತು.

"ಎಡಗಡೆ ಮೂಲೇಲಿ ಒಂದು ಬಿಟ್ಬಿಟ್ಟೆ ನೋಡು."

ಬಿಟ್ಟಿದ್ದ.

"ಅದರ ಕೆಳಗೆ ಇನ್ನೊಂದು. ಕಣ್ಣು ಎಲ್ಲಿಟ್ಟಿದೀಯ?"

ಐದು ಗಂಟೆಗೆ ಮೇಡಂ ಬಂದು ನೋಡಿದರೆ ಮೇಷ್ಟ್ರು ಕುರ್ಚಿಯಲ್ಲಿ, ಯೋಗಿ ಸ್ಟೂಲಿನ ಮೇಲೆ.

"ಸಾರ್, ನಿಮಗೆ ಮನೆಗೆ ಹೊತ್ತಾಗಲ್ವಾ?"

"ಆಗ್ಲಿ ಬಿಡಮ್ಮಾ," ಎಂದರು ಮೇಷ್ಟ್ರು, ಪರದೆಯಿಂದ ಕಣ್ಣು ತೆಗೆಯದೆ. "ಒಂದನ್ನೂ ಬಿಡಬಾರದು."