ಸೈಕಲ್ ಚೀಟಿಗೆ ಅವಧಿ ಇದೆಯೇ?

ಖಾಕಿ ತೊಟ್ಟವರು ಯಾರೇ ನಮ್ಮ ಬೀದಿಗೆ ಬಂದರೂ ನಾನು ಹಿತ್ತಲಿಗೆ ಹೋಗಿಬಿಡುತ್ತೇನೆ. ರಾಜಾಜಿನಗರದ ನಮ್ಮ ಕಡೆ ಇನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬರುವವರು ದೂರದಿಂದಲೇ ಕಾಣುತ್ತಾರೆ, ಅದೊಂದು ಅನುಕೂಲ. ಹೀಗೆ ಅಂಚೆಯವನಿಂದ ಎರಡು ಸಲ, ಕರೆಂಟಿನ ಮೀಟರು ಓದುವವನಿಂದ ಎಷ್ಟೋ ಸಲ ತಪ್ಪಿಸಿಕೊಂಡಿದ್ದೇನೆ. ಕಾರಣ, ಮೂರು ವರ್ಷದ ಹಿಂದಿನ ಒಂದು ಚೀಟಿ.

ಆಗೊಂದು ದಿನ ಹೆಂಡತಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮಾಗಡಿ ರಸ್ತೆಯಲ್ಲಿ ಬರುತ್ತಿದ್ದೆ. ಡಬಲ್ಸ್ ಹೋಗುವುದು ಅಪರಾಧವೆಂದು ಪೊಲೀಸಿನವನು ಹಿಡಿದು, ಶುಕ್ರವಾರ ಹನ್ನೊಂದು ಗಂಟೆಗೆ ಕೋರ್ಟಿಗೆ ಬಂದು ದಂಡ ಕಟ್ಟಬೇಕೆಂದು ಚೀಟಿ ಬರೆದುಕೊಟ್ಟ. ಮನೆಗೆ ಬಂದವಳೇ ನನ್ನ ಹೆಂಡತಿ ಪಂಚಾಂಗ ತೆಗೆದಳು.

"ಏನೂಂದ್ರೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ ಅಲ್ವೇ? ಆ ಹೊತ್ನಲ್ಲಿ ಕೋರ್ಟ್ ಮೆಟ್ಲು ಹತ್ಬೇಡಿ, ನಿಮ್ಮ ದಮ್ಮಯ್ಯ."

ನಾನು ಇದನ್ನೆಲ್ಲ ನಂಬುವವನಲ್ಲ. ಆದರೆ ನಂಬದೆ ಇರುವುದಕ್ಕೂ ಸ್ವಲ್ಪ ಧೈರ್ಯ ಬೇಕು. ಕೋರ್ಟಿನ ಎದುರಿನ ಮರದಡಿ ಹನ್ನೆರಡು ಹೊಡೆಯುವ ತನಕ ನಿಂತಿದ್ದು ಒಳಗೆ ಹೋದರೆ, ನನ್ನ ಹೆಸರನ್ನು ಮೂರು ಸಲ ಕೂಗಿ ಆಗಿತ್ತು. "ಹೋಗಿ ಸಾರ್, ಸಮನ್ಸ್ ಬರುತ್ತೆ" ಎಂದ ಜವಾನ. ಸಮನ್ಸ್ ಬರಲೇ ಇಲ್ಲ. ಬಂದಿದ್ದರೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಹೋದ ತಿಂಗಳು ಕಚೇರಿಯಲ್ಲಿ ನನ್ನ ಹಂಗಾಮಿ ಗುಮಾಸ್ತಗಿರಿ ಕಾಯಂ ಆಗುವ ಕಾಲ ಬಂತು. ಒಂದು ಫಾರಂ ಕೊಟ್ಟರು. ಅದರ ಒಂಬತ್ತನೆಯ ಪ್ರಶ್ನೆ: ನಿಮ್ಮ ಮೇಲೆ ಯಾವುದಾದರೂ ಕೇಸು ಇದೆಯೇ? ಉತ್ತರ ಮೊದಲೇ ಗೊತ್ತಿಲ್ಲದವರು ಇಂಥ ಪ್ರಶ್ನೆ ಕೇಳುವುದಿಲ್ಲವೆಂದು ನನ್ನ ಗುಮಾನಿ. 'ಇದೆ' ಎಂದರೆ ಕೆಲಸ ಹೋದೀತು. 'ಇಲ್ಲ' ಎಂದು ಬರೆದ ಮೇಲೆ ಆ ಕೇಸು ಯಾವುದೋ ಕಡತದಲ್ಲಿ ಜೀವ ಹಿಡಿದುಕೊಂಡಿದ್ದರೆ, ಸುಳ್ಳು ಹೇಳಿದ್ದಕ್ಕೆ ಹೋದೀತು. ಆಮೇಲೆ ಹೆಂಡತಿ, ಮಗಳನ್ನು ಕಟ್ಟಿಕೊಂಡು ಮಾವನ ಮನೆಯ ಜಗಲಿ ಸೇರಬೇಕು.

ಸೂತಕಕ್ಕೂ ಒಂದು ಅವಧಿ ಇದೆಯಲ್ಲ! ದೂರದ ದಾಯಾದಿ ತೀರಿಕೊಂಡ ಸುದ್ದಿ ವರ್ಷ ಕಳೆದು ಕಿವಿಗೆ ಬಿದ್ದರೆ ಒಂದು ಸ್ನಾನದಲ್ಲಿ ಎಲ್ಲ ಮುಗಿಯುತ್ತದೆ. ಸಾವಿಗೇ ಇಷ್ಟು ರಿಯಾಯಿತಿ ಇರುವಾಗ ಡಬಲ್ಸಿಗೆ ಇರಬಾರದೇ? ಈ ವಾದವನ್ನು ಪಕ್ಕದ ಮನೆಯ ವಕೀಲರ ಮುಂದಿಟ್ಟೆ, ನನ್ನ ಸ್ನೇಹಿತನೊಬ್ಬನ ವಿಷಯವೆಂದು ಹೇಳಿ.

"ಸಾಲದ ಪತ್ರ ಮೂರು ವರ್ಷಕ್ಕೆ ಸಾಯುತ್ತೆ ರಾಯರೇ. ಸರ್ಕಾರದ ಕೇಸಿಗೆ ಹಾಗೆ ಸಾವಿಲ್ಲ. ಹಾಗಂತ ನಿಮ್ಮ ಸ್ನೇಹಿತ ಹೋಗಿ ವಿಚಾರಿಸ್ಬಾರ್ದು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಗುತ್ತೆ" ಎಂದರು. 'ಸ್ನೇಹಿತ' ಎನ್ನುವಾಗ ಅವರು ನಕ್ಕದ್ದು ನನಗೆ ಹಿಡಿಸಲಿಲ್ಲ. ಅಂದಿನಿಂದ ಅವರ ಮೇಲೂ ಒಂದು ಕಣ್ಣಿಟ್ಟಿದ್ದೇನೆ.

ಕಡೆಗೆ 'ನನಗೆ ತಿಳಿದಮಟ್ಟಿಗೆ ಇಲ್ಲ' ಎಂದು ಬರೆದು, ಫಾರಂ ಅನ್ನು ನಮ್ಮ ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟೆ. ಒಂದು ಚುಕ್ಕೆ ತಪ್ಪಿದರೂ ಕಾಗದ ವಾಪಸು ಎಸೆಯುವ ಮನುಷ್ಯ ಅವರು. ಒಂಬತ್ತನೆಯ ಪ್ರಶ್ನೆಗೆ ಬಂದು ಅವರ ಬೆರಳು ನಿಂತಿತು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅವರು ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ರಾತ್ರಿ ಸೈಕಲ್ಲಿಗೆ ದೀಪ ಇರ್ಲಿಲ್ವೋ, ಡಬಲ್ಸೋ?"

"ಡಬಲ್ಸು, ಸಾರ್."

"ನಂದು ದೀಪ. ಹದಿನಾಲ್ಕು ವರ್ಷ ಆಯ್ತು. ನಾನೂ 'ತಿಳಿದಮಟ್ಟಿಗೆ' ಅಂತ್ಲೇ ಬರ್ದಿದ್ದೆ" ಎಂದು ರುಜು ಹಾಕಿದರು.

ನಾನು ಕಾಯಂ ಆದೆ. ಹೆದರಿಕೆ ಹೋಯಿತೆಂದಲ್ಲ. ಹೆದರಿಕೊಂಡೇ ಸೂಪರಿಂಟೆಂಡೆಂಟ್ ತನಕ ಹೋಗಬಹುದೆಂದು ತಿಳಿಯಿತು.