ಕಿವಿ ಮೇಸ್ತ್ರಿ ಪಾಸ್ ಮಾಡಿದ ಗಾಡಿಗಳು

ಹೆದ್ದಾರಿಯಿಂದ ಊರೊಳಕ್ಕೆ ತಿರುಗುವ ಮೂಲೆಯಲ್ಲಿ, ಪಂಕ್ಚರ್ ಅಂಗಡಿಗೂ ಲಾರಿ ತೂಗುವ ವೇಬ್ರಿಡ್ಜಿಗೂ ನಡುವೆ ಒಂದು ತಗಡಿನ ಶೆಡ್ಡು. ಅದರ ಬೋರ್ಡು ಯಾವುದೋ ಗಾಳಿಗೆ ಹಾರಿಹೋಗಿ ವರ್ಷಗಳಾಗಿದ್ದವು. ಮತ್ತೆ ಬರೆಸುವ ಗೋಜಿಗೆ ಮೇಸ್ತ್ರಿ ಹೋಗಿರಲಿಲ್ಲ. "ಕಿವಿ ಮೇಸ್ತ್ರಿ ಎಲ್ಲಿ?" ಅಂದರೆ ಸಾಕು, ಪೆಟ್ರೋಲ್ ಬಂಕಿನವನಿಂದ ಹಿಡಿದು ಮೊದಲ ಸಲ ಈ ಕಡೆ ಬಂದ ಕ್ಲೀನರನವರೆಗೆ ಯಾರು ಬೇಕಾದರೂ ಕೈ ತೋರಿಸುತ್ತಿದ್ದರು. ಅಷ್ಟು ಹೆಸರು ಮಾಡಿದವನಿಗೆ ಬೋರ್ಡು ಯಾತಕ್ಕೆ?

ಅವನ ಕಸುಬು ಕಮಾನು ಪಟ್ಟಿ. ಬಾಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಬಿಗಿದ ಕಟ್ಟು ಅದು. ಲಾರಿಯಾಗಲಿ ಬಸ್ಸಾಗಲಿ, ಮೇಲಿನ ಭಾರ ಹೊರುವುದೂ ಅದೇ, ಆಕ್ಸಲನ್ನು ಅತ್ತಿತ್ತ ಅಲುಗದಂತೆ ಹಿಡಿದಿಡುವುದೂ ಅದೇ. ಒಳಗೊಂದು ಪಟ್ಟಿ ಬಿರುಕು ಬಿಟ್ಟಿದ್ದರೆ ಮೇಲೆ ಕೂತವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಗಾಡಿ ಯಾವುದೋ ತಿರುವಿನಲ್ಲಿರುತ್ತದೆ. ಮೇಸ್ತ್ರಿ ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಕಟ್ಟು ಸಡಿಲಿಸಿ, ಸಣ್ಣ ಸುತ್ತಿಗೆಯಿಂದ ಒಂದೊಂದೇ ಪಟ್ಟಿಯನ್ನು ತಟ್ಟುತ್ತಿದ್ದ. ಗಟ್ಟಿ ಪಟ್ಟಿಯ ಸದ್ದು ಠಣ್ಣೆಂದು ಎದ್ದು, ಸಣ್ಣಗಾಗುತ್ತಾ ಹೋಗಿ, ಕೊನೆಗೆ ಸೊಳ್ಳೆಯ ದನಿಯಷ್ಟಾಗಿ ನಿಲ್ಲುತ್ತದೆ. ಬಿರುಕಿದ್ದರೆ ಡಬ್ಬೆಂದು ಅಲ್ಲೇ ಸಾಯುತ್ತದೆ. ಎಲ್ಲ ಸರಿಯಿದ್ದರೆ ಆಕ್ಸಲಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಟಿಕ್ಕು ಎಳೆದು, "ಹೊರಡು" ಅನ್ನುತ್ತಿದ್ದ. ಮೂವತ್ತೈದು ವರ್ಷ ಹೀಗೇ ನಡೆಯಿತು. ಆ ಟಿಕ್ಕು ಕಂಡರೆ ಡ್ರೈವರುಗಳ ಹೆಂಡತಿಯರೂ ನೆಮ್ಮದಿಯಾಗಿ ಮಲಗುತ್ತಾರೆ ಎಂದು ಅವನ ಮುಂದೆಯೇ ಹೊಗಳುವವರಿದ್ದರು. ಅವನೂ ಬೇಡ ಅನ್ನುತ್ತಿರಲಿಲ್ಲ.

ಆ ಸೊಳ್ಳೆಯ ದನಿ ಎರಡು ವರ್ಷದ ಹಿಂದೆ ನಿಂತುಹೋಯಿತು. ಮಾತು ಕೇಳಿಸುತ್ತಿತ್ತು, ಹಾರ್ನು ಕೇಳಿಸುತ್ತಿತ್ತು, ಹೆಂಡತಿ ಅಡುಗೆಮನೆಯಿಂದ ಗೊಣಗಿದ್ದೂ ಬೇಕೋ ಬೇಡವೋ ಕೇಳಿಸುತ್ತಿತ್ತು. ಪಟ್ಟಿಯ ಸದ್ದಿನ ಬಾಲ ಮಾತ್ರ ಇಲ್ಲ. ಯಾವ ಪಟ್ಟಿ ತಟ್ಟಿದರೂ ಡಬ್ಬು. ಮೊದಲು ಉಕ್ಕೇ ಕೆಟ್ಟಿದೆ ಅಂದುಕೊಂಡು ಒಂದು ವಾರದಲ್ಲಿ ನಾಲ್ಕು ಒಳ್ಳೆಯ ಪಟ್ಟಿಗಳನ್ನು ಬದಲಿಸಿದ. ಐದನೆಯದನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಅದರಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಕೆಟ್ಟಿರುವುದು ಏನೆಂದು ಆವತ್ತು ತಿಳಿಯಿತು. ಯಾರಿಗೂ ಹೇಳಲಿಲ್ಲ.

ಕಿವಿಯಿಲ್ಲದೆಯೂ ಬಿರುಕು ಹಿಡಿಯಬಹುದು. ಪಟ್ಟಿಗೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿ ಅರ್ಧ ಗಂಟೆ ಕಾದರೆ, ಬಿರುಕಿನೊಳಗೆ ಇಳಿದ ಎಣ್ಣೆ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಕಲಿಯುವವರು ಮಾಡುವ ಕೆಲಸ ಅದು. ಕಿವಿ ಮೇಸ್ತ್ರಿ ಪುಡಿ ಉದುರಿಸಿಕೊಂಡು ಕೂತರೆ ನೋಡಿದವರು ಏನಂದಾರು? ಹಾಗಾಗಿ ಅವನು ತಟ್ಟುವುದನ್ನು ಬಿಡಲಿಲ್ಲ. ತಲೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ಹಿಂದಿನ ಗತ್ತಿನಲ್ಲೇ ತಟ್ಟುತ್ತಿದ್ದ. ನಿಜವಾದ ಪರೀಕ್ಷೆಯನ್ನು ಕದ್ದು ಕದ್ದು ಕಣ್ಣು ಮತ್ತು ಬೆರಳ ತುದಿಯಲ್ಲಿ ಮಾಡುತ್ತಿದ್ದ. ಟಿಕ್ಕನ್ನು ಮಾತ್ರ ಹಿಂದಿನಷ್ಟೇ ನೇರವಾಗಿ ಎಳೆಯುತ್ತಿದ್ದ.

ಇಷ್ಟರಲ್ಲಿ ಮಗಳು ಟ್ರಕ್ಕು ತಂದಳು.

ಮಗಳು ಐದು ವರ್ಷದಿಂದ ಡ್ರೈವರು. ಗುಡ್ಡದ ತುದಿಯ ಸಿಗ್ನಲ್ ಟವರಿಗೆ ಡೀಸೆಲ್ ಪೀಪಾಯಿ, ರಿಪೇರಿಯವರು, ಅವರ ಸಾಮಾನು ಎಲ್ಲ ಸಾಗಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಕೊನೆಯ ಹದಿನೆಂಟು ಕಿಲೋಮೀಟರಿನಲ್ಲಿ ರಸ್ತೆ ಅನ್ನುವುದೇ ಇಲ್ಲ. ಬಂಡೆ, ಹಳ್ಳ, ಒಂದು ಪಕ್ಕ ಪ್ರಪಾತ. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಎಳೆತವಿರುವ ಹಳೇ ಟ್ರಕ್ಕೊಂದನ್ನು ಹುಡುಕಿ ತಂದು ಶೆಡ್ಡಿನ ಹಿಂದೆ ನಿಲ್ಲಿಸಿದ್ದಳು. ಅದರ ಕಮಾನು ಸವೆದು ಚಪ್ಪಟೆಯಾಗಿತ್ತು. ಹೊಸ ಪಟ್ಟಿ ಕಟ್ಟಿಸಬೇಕೋ, ಎಲ್ಲ ಕಿತ್ತು ಕಾಯಿಲೋವರ್ ಕೂರಿಸಬೇಕೋ ಎಂದು ಅಪ್ಪ ಮಗಳಿಗೆ ಮೂರು ತಿಂಗಳಿಂದ ಜಗಳ.

"ಸುರುಳಿ ಸ್ಪ್ರಿಂಗು, ಅದರ ಹೊಟ್ಟೆಯೊಳಗೇ ಶಾಕ್ ಅಬ್ಸಾರ್ಬರ್ ಇರುತ್ತಪ್ಪ. ಒಂದು ಚಕ್ರ ಬಂಡೆ ಹತ್ತಿದ್ರೂ ಇನ್ನೊಂದು ನೆಲ ಬಿಡಲ್ಲ. ನಿನ್ನ ಪಟ್ಟಿ ಮೇಲೆ ಕೂತ್ರೆ ಸೊಂಟ ಕೈಗೆ ಬರುತ್ತೆ," ಎನ್ನುವಳು ಮಗಳು.

ಅವನು ಮೂಗು ಮುರಿಯುತ್ತಿದ್ದ. "ಆ ಸುರುಳಿ ಭಾರ ಹೊರುತ್ತೆ ಅಷ್ಟೇ. ಆಕ್ಸಲ್ ಹಿಡ್ಕೊಳ್ಳೋರು ಯಾರು? ಅದಕ್ಕೆ ಬೇರೆ ಸಲಾಕೆ, ಬೇರೆ ವೆಲ್ಡಿಂಗು. ಪಟ್ಟಿ ಮುರಿದ್ರೆ ಮರದ ತುಂಡು ಕೊಟ್ಟು ಚೈನ್ ಸುತ್ತಿ ತೆವಳ್ಕೊಂಡಾದ್ರೂ ಮನೆ ಸೇರ್ತೀಯ. ಅದರ ಎಣ್ಣೆ ಸೋರಿದ್ರೆ ಅಲ್ಲೇ ಕೂತು ಆಕಾಶ ನೋಡು."

"ನಿಂಗೆ ಗೊತ್ತಿಲ್ಲದ್ದೆಲ್ಲ ಕೆಟ್ಟದ್ದು."

"ನಂಗೆ ಗೊತ್ತಿರೋದ್ರಿಂದಲೇ ಇಷ್ಟು ವರ್ಷ ಅನ್ನ ತಿಂದಿದೀಯ ಕಣೇ."

ಎದೆ ತಟ್ಟಿಕೊಂಡು ಹೀಗೆ ಮಾತಾಡಿದ ಮೇಲೆ ಹಿತ್ತಲಿಗೆ ಹೋಗಿ ಒಬ್ಬನೇ ನಿಲ್ಲುತ್ತಿದ್ದ. ಅವಳು ಒಪ್ಪಿದರೆ ಆ ಪಟ್ಟಿಗಳನ್ನು ತಟ್ಟಿ ನೋಡುವವನು ಯಾರು? ಪ್ರತಿ ತಿಂಗಳೂ ಟಿಕ್ಕು ಎಳೆಯುವವನು ಯಾರು? ಕಾಯಿಲೋವರ್ ಹಾಕಿಸು ಅನ್ನಲು ಬಾಯಿ ಬರದು. ಮೂವತ್ತೈದು ವರ್ಷದ ಮಾತನ್ನು ನುಂಗಬೇಕು, ಯಾಕೆ ಅಂದರೆ ಕಾರಣ ಹೇಳಬೇಕು.

ಒಂದು ಭಾನುವಾರ, ಶೆಡ್ಡಿಗೆ ರಜೆ. ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು. ಮೇಸ್ತ್ರಿ ಒಳಗಿನಿಂದ ಚಿಲಕ ಹಾಕಿಕೊಂಡು ಮೂರು ಪಟ್ಟಿಗಳನ್ನು ತಂದ. ಎರಡು ಹೊಸವು, ಒಂದು ನಡುವಿನ ತೂತಿನ ಹತ್ತಿರ ಬಿರುಕು ಬಿಟ್ಟದ್ದು. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಅವನ್ನು ನೆಲದ ಮೇಲೆ ಆ ಕಡೆ ಈ ಕಡೆ ಸರಿಸಿ ಕಲಸಿದ. ಒಂದೊಂದನ್ನೇ ಹಗ್ಗದಲ್ಲಿ ನೇತುಹಾಕಿ ತಟ್ಟಿದ. ಹತ್ತು ಸಲ ಕಲಸಿದ, ಹತ್ತು ಸಲ ತಟ್ಟಿದ, ಬಿರುಕಿನದ್ದು ಇದೇ ಎಂದು ಹತ್ತು ಸಲ ಆರಿಸಿದ. ಮೂರು ಸಲ ಸರಿಯಾಯಿತು. ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಎತ್ತುವ ಮಗುವೂ ಅಷ್ಟು ಸರಿ ಆರಿಸೀತು.

ಟವೆಲ್ ಬಿಚ್ಚಿ ನೆಲದ ಮೇಲೇ ಕೂತ. ಆಗ ಅವನಿಗೆ ನೆನಪಾದದ್ದು ಮಗಳ ಟ್ರಕ್ಕಲ್ಲ, ಹಿಂದಿನ ದಿನದ ಬಸ್ಸು. ಕಣಿವೆಯಾಚೆಯ ಕಾರ್ಖಾನೆಗೆ ಕೆಲಸದವರನ್ನು ಸಾಗಿಸುವ ಬಸ್ಸು. ಹಿಂದಿನ ಎಡಗಡೆಯ ಕಟ್ಟಿನಲ್ಲಿ, ಕಟ್ಟನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟಿನ ಅಂಚಿನಲ್ಲಿ ಒಂದು ಸಣ್ಣ ಗೆರೆ ಕಂಡಂತಾಗಿತ್ತು. ಒರೆಸಿದರೆ ಹೋಯಿತು. ಮತ್ತೆ ಮೂಡುತ್ತದಾ ಎಂದು ಕಾಯೋಣ ಅಂದುಕೊಂಡಾಗ ಅದರ ಮೀಸೆ ಡ್ರೈವರು ತಲೆ ಬಗ್ಗಿಸಿ, "ನಿಮ್ಮ ಕಿವಿಗೆ ಎಷ್ಟೊತ್ತು ಬೇಕು ಮೇಸ್ತ್ರೀ?" ಎಂದು ನಕ್ಕಿದ್ದ. ಮೇಸ್ತ್ರಿಯೂ ನಕ್ಕು, ತಟ್ಟಿ, ಟಿಕ್ಕು ಎಳೆದಿದ್ದ. ತುಕ್ಕಿನ ಕಲೆ ಇರಬೇಕು ಎಂದು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡಿದ್ದ. ಈಗ ಹಾಗೆ ಹೇಳಿಕೊಳ್ಳಲೂ ಆಗಲಿಲ್ಲ.

ಬಾಗಿಲು ದಡದಡ ಬಡಿದ ಸದ್ದು. ಎದ್ದು ಚಿಲಕ ತೆಗೆದ. ಮಗಳು. ಒಳಗೆ ಬಂದವಳೇ ಹೆಲ್ಮೆಟ್ಟನ್ನು ಬೆಂಚಿನ ಮೇಲೆ ಕುಕ್ಕಿ, "ಅಪ್ಪ, ನೀನೇ ಗೆದ್ದೆ," ಅಂದಳು.

ಅವನಿಗೆ ಏನೂ ಅರ್ಥವಾಗಲಿಲ್ಲ. ಪಟ್ಟಿಯ ಜಗಳವನ್ನೇ ಮುಗಿಸಿಬಿಡಬೇಕೆಂದು, ಅವಳು ಮುಂದೆ ಮಾತಾಡುವ ಮೊದಲೇ ಅಂದ, "ನೋಡು ಪುಟ್ಟಿ, ನಿನ್ನಿಷ್ಟದಂತೆ ಕಾಯಿಲೋವರ್ರೇ ಹಾಕ್ಸು. ನಾನು ಬೇಡ ಅನ್ನಲ್ಲ."

"ಅಯ್ಯೋ, ಅದನ್ನೇ ಹೇಳೋಕೆ ಬಂದೆ. ಬೇಡಪ್ಪ. ನಿನ್ನೆ ಬೇರೆಯವರ ಗಾಡೀಲಿ ಟವರ್ ತನಕ ಹೋಗಿದ್ದೆ. ಕಾಯಿಲೋವರ್ ಹಾಕಿದ ಗಾಡಿ. ಹಳ್ಳ ದಾಟೋವಾಗ ಅದನ್ನ ಕೂರಿಸಿದ ವೆಲ್ಡಿಂಗೇ ಕಿತ್ಕೊಂಡು ಬಂತು. ಗಾಡಿ ಒಂದು ಕಡೆ ವಾಲಿ ನಿಂತುಬಿಡ್ತು, ನನ್ನ ಕಡೆಗೇ ಪ್ರಪಾತ. ಬಾಗಿಲು ತೆಗೆದ್ರೆ ಕಾಲಿಡೋಕೆ ನೆಲ ಇಲ್ಲ." ಹೇಳುತ್ತಾ ಅವಳ ದನಿ ಸಣ್ಣಗಾಯಿತು. "ಆ ಕಡೆಯಿಂದ ತೆವಳಿ ಇಳಿದ್ವಿ. ಗಾಡಿ ಇನ್ನೂ ಅಲ್ಲೇ ಇದೆ. ನಂಗೆ ಪಟ್ಟೀನೇ ಸಾಕು. ಸೊಂಟ ಹೋದ್ರೆ ಹೋಗ್ಲಿ. ತಿಂಗಳಿಗೊಂದ್ಸಲ ನೀನು ತಟ್ಟಿ ಟಿಕ್ ಹಾಕಿದ್ರೆ ನಾನು ಕಣ್ಣು ಮುಚ್ಕೊಂಡು ಹತ್ತಿಸ್ತೀನಿ."

"ಬೇಡ."

"ಇಷ್ಟು ದಿನ ಪಟ್ಟಿ ಪಟ್ಟಿ ಅಂತ ತಲೆ ತಿಂದೆಯಲ್ಲ!"

"ಬೇಡ ಅಂದೆನಲ್ಲ!" ಅವನು ಕೂಗಿದ. ಮಗಳು ನೆಲ ನೋಡಿದಳು. ಮೂರು ಪಟ್ಟಿ, ಹಗ್ಗ, ಸುತ್ತಿಗೆ, ಟವೆಲ್. ಹಾಗೇ ಅಪ್ಪನ ಮುಖ ನೋಡಿದಳು.

"ನಂಗೆ ಕೇಳಿಸಲ್ಲ ಪುಟ್ಟಿ," ಅಂದ. "ಪಟ್ಟಿ ಸದ್ದು ಕೇಳಿಸಲ್ಲ. ಎರಡು ವರ್ಷ ಆಯ್ತು. ನನ್ನ ಟಿಕ್ ನಂಬಿ ಹತ್ತಬೇಡ. ನೀನು ಮಾತ್ರ ಹತ್ತಬೇಡ."

ಬಯ್ಯುತ್ತಾಳೆ ಅಥವಾ ಅಳುತ್ತಾಳೆ ಅಂದುಕೊಂಡಿದ್ದ. ಅವಳು ಎರಡೂ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ನನ್ನ ಗಾಡಿ ಹಿತ್ತಲಲ್ಲಿ ನಿಂತಿದೆ. ಓಡ್ತಿರೋ ಗಾಡಿಗಳು ಯಾವ್ಯಾವುವಪ್ಪ?"

ಮೇಸ್ತ್ರಿ ಬಸ್ಸಿನ ವಿಷಯ ಹೇಳಿದ. ಗೋಡೆಯ ಗಡಿಯಾರದಲ್ಲಿ ಎರಡೂ ಮುಕ್ಕಾಲು. ಮಧ್ಯಾಹ್ನದ ಪಾಳಿಯವರನ್ನು ಹತ್ತಿಸಿಕೊಂಡು ಬಸ್ಸು ಎರಡೂವರೆಗೇ ಹೊರಟಿರುತ್ತದೆ. ಹೊರಟ ಹತ್ತು ನಿಮಿಷಕ್ಕೆ ಕಣಿವೆಯ ಏರು ಶುರು.

ಮಗಳು ಅಪ್ಪನ ಫೋನಿನಿಂದಲೇ ಮೀಸೆ ಡ್ರೈವರನಿಗೆ ಹಚ್ಚಿದಳು. ರಿಂಗಾಗಿ ಆಗಿ ನಿಂತಿತು. ಮತ್ತೆ ಹಚ್ಚಿದಳು. ಕಾಯುವಾಗ ಅವನ ಕಡೆ ನೋಡದೆಯೇ, "ನನ್ನ ಗಾಡಿಗೆ ಪಟ್ಟೀನೇ. ತಟ್ಟೋದು ನಾನು ಕಲೀತೀನಿ. ಸೀಮೆಎಣ್ಣೆ, ಪುಡಿ ಎಲ್ಲ ಹೇಳಿಕೊಡು," ಅಂದಳು. ಅವನು ತಲೆಯಾಡಿಸಿದ. ಎರಡನೆಯ ಸಲವೂ ಎತ್ತಲಿಲ್ಲ.

ಮೂರನೆಯ ಸಲ ಎತ್ತಿದ. ಸ್ಪೀಕರಿನಲ್ಲಿ ಇಂಜಿನ್ನಿನ ಗದ್ದಲ, ಅದರ ಮೇಲೆ ಮೀಸೆ ಡ್ರೈವರನ ಕೂಗು. "ಏನ್ರೀ ಮೇಸ್ತ್ರೀ, ರಜಾ ದಿನ ನಮ್ಮ ನೆನಪು? ಏರು ಹತ್ತಿಸ್ತಿದೀನಿ, ಬೇಗ ಹೇಳಿ."

"ಗಾಡಿ ನಿಲ್ಸು. ಹಿಂದಿನ ಎಡಗಡೆ..." ಎಂದವನು ತಡವರಿಸಿದ. "ಒಂದು ನಟ್ಟು ಬಿಗಿಯೋದು ಮರ್ತಿದೀನಿ."

ಆ ಕಡೆಯ ಉತ್ತರ ಗದ್ದಲದಲ್ಲಿ ಅವನಿಗೆ ತಿಳಿಯಲಿಲ್ಲ. ಮಗಳ ಮುಖ ನೋಡಿದ. "ಅಷ್ಟೇನಾ, ಸ್ಪ್ಯಾನರ್ ಇದೆ, ಮೇಲೆ ಹೋಗಿ ಬಿಗೀತೀನಿ ಅಂತಿದಾನೆ," ಅಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ನಿಲ್ಲಿಸ್ತಿಲ್ಲಪ್ಪ."

ಮೇಸ್ತ್ರಿ ಫೋನನ್ನು ಎರಡೂ ಕೈಯಲ್ಲಿ ಬಾಯಿಗೆ ಹಿಡಿದುಕೊಂಡ. ಎರಡು ವರ್ಷ ಹೆಂಡತಿಗೂ ಹೇಳದ ಮಾತನ್ನು, ಪಂಕ್ಚರ್ ಅಂಗಡಿಯವನಿಗೂ ಕೇಳುವಷ್ಟು ಜೋರಾಗಿ ಕೂಗಿ ಹೇಳಿದ. "ನಂಗೆ ಕಿವಿ ಕೇಳಲ್ಲ ಕಣಪ್ಪಾ! ನಿನ್ನೆ ನಾನು ಏನೂ ಕೇಳಿಸ್ಕೊಂಡಿಲ್ಲ. ಸುಮ್ನೆ ತಟ್ಟಿದೆ, ಸುಮ್ನೆ ಟಿಕ್ ಹಾಕಿದೆ. ಅಲ್ಲಿ ಬಿರುಕಿದೆ. ನಿನ್ನ ಕಾಲಿಗೆ ಬೀಳ್ತೀನಿ, ಜನಾನ ಇಳ್ಸು!"

ಫೋನಿನಿಂದ ಏನೂ ಬರಲಿಲ್ಲ, ಅಥವಾ ಬಂದದ್ದು ಅವನಿಗೆ ಕೇಳಿಸಲಿಲ್ಲ. ಮಗಳು ಅದನ್ನು ಕಸಿದುಕೊಂಡು ಕಿವಿಗೆ ಒತ್ತಿ ಹಿಡಿದಳು. ಅವನು ಅವಳ ಮುಖವನ್ನೇ ನೋಡುತ್ತಾ ನಿಂತ.

"ಬ್ರೇಕ್ ಹಾಕ್ದ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಂತಿದೆ. ಬಾಗಿಲು ತೆಗೀತಿದಾರೆ."

"ಇಳೀತಿದಾರಾ?"

ಅವಳು ಅಂಗೈ ಎತ್ತಿ ತಡಿ ಎಂದು ಸನ್ನೆ ಮಾಡಿದಳು. "ಎಣಿಸ್ತಿದಾನೆ... ಮೂವತ್ತೆಂಟು. ಎಲ್ರೂ ಇಳಿದ್ರಂತೆ." ಆಮೇಲೆ ಫೋನನ್ನು ಕಿವಿಯಿಂದ ತೆಗೆಯದೆ ಕಾದಳು. "ಗಾಡಿ ಅಡಿಗೆ ಹೋಗಿ ನೋಡಿದ್ನಂತಪ್ಪ. ಗೆರೆಯೊಳಗೆ ಉಗುರು ಹೋಗುತ್ತಂತೆ."

ಮೇಸ್ತ್ರಿ ಬೆಂಚಿನ ಮೇಲೆ ಕುಸಿದ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡರೂ ಅಳು ತಡೆಯಲಾಗಲಿಲ್ಲ. ಮಗಳು ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನ ಉಸಿರು ಹದಕ್ಕೆ ಬರುವವರೆಗೂ ಕಾದು, ಫೋನನ್ನು ಮತ್ತೆ ಕೈಗೆ ತೆಗೆದುಕೊಂಡಳು.

"ಮುಂದಿನ ಗಾಡಿ ಯಾವುದು?" ಅಂದಳು.

ಅವನು ಬೆರಳು ಮಡಿಸಿದ. ಶುಕ್ರವಾರ ಮರಳಿನ ಲಾರಿ, ಗುರುವಾರ ಶಾಲೆಯ ವ್ಯಾನು, ಬುಧವಾರ ಎರಡು ಟ್ಯಾಂಕರು. ಒಂದು ಕೈಯ ಬೆರಳು ಮುಗಿದವು, ಇನ್ನೊಂದರವೂ ಮುಗಿದವು, ಅವನಿನ್ನೂ ಆ ವಾರವನ್ನೇ ದಾಟಿರಲಿಲ್ಲ.