ನಾಟಿ ಗುಂಪಿಗೊಂದು ಅಗ್ಗದ ಫೋನು

ದೊಡ್ಡ ಫೋನು ಬೇಕೆಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಗುಂಡಿ ಒತ್ತುವ ಫೋನು ಒಂದಿತ್ತು. ಸೊಂಟದಲ್ಲಿ ಎಲೆ ಅಡಿಕೆ ಸಂಚಿಯೊಳಗೇ ಇರುತ್ತಿತ್ತು. ಸುಣ್ಣ ಮೆತ್ತಿ ಮೆತ್ತಿ ಅದರ ಮೇಲಿನ ಅಂಕಿ ಒಂದೂ ಕಾಣುತ್ತಿರಲಿಲ್ಲ. ಕಾಣದಿದ್ದರೇನು, ಕರೆ ಬಂದರೆ ಹಸಿರು ಗುಂಡಿ, ಮುಗಿದರೆ ಕೆಂಪು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅದಕ್ಕಿಂತ ಹೆಚ್ಚು ಏನು ಬೇಕು.

ನಮ್ಮದು ಸಂತೆಕಲ್ಲೂರು. ಜೋಳ, ತೊಗರಿಯ ಒಣ ನೆಲ. ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟರೆ ಜವಳಗೇರಾ ಕಡೆ ಭತ್ತದ ನಾಟಿ ಶುರುವಾಗುತ್ತದೆ. ನಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು, ಕತ್ತಲಿರುವಾಗಲೇ ಟಂಟಂ ಆಟೋ ಹತ್ತಿ ಆ ನಾಟಿಗೆ ಹೋಗುವ ಗುಂಪು ನನ್ನದು. ನನ್ನದು ಎಂದರೆ ನಾನೇನು ಒಡತಿಯಲ್ಲ. ಎಲ್ಲರ ಜೊತೆ ನಾನೂ ಕೆಸರಿನಲ್ಲಿ ಬಗ್ಗುತ್ತೇನೆ. ರೈತನಿಗೆ ಹ್ಞೂಂ, ಉಹ್ಞೂಂ ಹೇಳುವವಳು ನಾನು, ಅಷ್ಟೆ.

ಆ ಹ್ಞೂಂ ಹೇಳುವುದಕ್ಕೂ ಒಂದು ಪದ್ಧತಿ ಇದೆ. ಕೆಲಸದ ಸುದ್ದಿ ಬಂದ ಸಂಜೆ ನಾನು ಎಲೆ ಅಡಿಕೆ ಹಿಡಿದು ಮನೆ ಮನೆಗೆ ಹೋಗಬೇಕು. ನಾನು ಚಾಚಿದ ಎಲೆ ಹಿಡಿದವಳು ನಾಳೆ ಬರುತ್ತಾಳೆ. ಹಿಡಿಯದವಳು ಬರುವುದಿಲ್ಲ, ಯಾಕೆ ಎಂದು ಕೇಳುವಂತಿಲ್ಲ. ಮೈಗೆ ಆರಾಮಿರಲಿಕ್ಕಿಲ್ಲ, ಮನೆಯಲ್ಲಿ ಜಗಳ ಇರಬಹುದು, ಅದು ಅವಳ ಪಾಡು. ಆದರೆ ಎಲೆ ಹಿಡಿದು ಬರದೆ ಉಳಿದವಳು ನಮ್ಮ ಓಣಿಯಲ್ಲಿ ಇಲ್ಲ. ಓಣಿ ಸುತ್ತಿ ಬಂದ ಮೇಲೆಯೇ ರೈತನಿಗೆ ಇಷ್ಟು ಮಂದಿ ಬರುತ್ತೇವೆ ಎನ್ನುತ್ತಿದ್ದೆ. ನನ್ನ ಅತ್ತೆ ಹಾಗೆ ಮಾಡುತ್ತಿದ್ದಳು, ನಾನೂ ಮಾಡಿದೆ.

ಹೋದ ವರ್ಷ ನಾಟಿಯ ಹೊತ್ತಿಗೆ ಫೋನು ಸುಮ್ಮನಾಯಿತು. ಕಾಲುವೆ ತುಂಬಿ ಹರಿಯುತ್ತಿದೆ ಎಂದು ಬಸ್ಸಿನವರು ಹೇಳುತ್ತಿದ್ದರು, ನನಗೆ ಕರೆ ಇಲ್ಲ. ಕಡೆಗೆ ನಾನೇ ಒಬ್ಬ ರೈತನಿಗೆ ಮಾಡಿದೆ. ಜವಳಗೇರಾ ಹತ್ತಿರದ ಕ್ಯಾಂಪಿನವನು, ಅವನ ಅಪ್ಪನ ಕಾಲಕ್ಕೆ ಆಂಧ್ರದಿಂದ ಬಂದು ಅಲ್ಲಿ ನೆಲೆಸಿದ ಮನೆತನ. ವರ್ಷವರ್ಷವೂ ನಮ್ಮನ್ನೇ ಕರೆಯುತ್ತಿದ್ದ.

"ಏನಮ್ಮಾ, ನಾನೀಗ ಒಬ್ಬೊಬ್ಬರಿಗೆ ಫೋನ್ ಮಾಡಲ್ಲ. ವಾಟ್ಸಾಪ್ ಗ್ರೂಪಿಗೆ ಹಾಕಿಬಿಡ್ತೀನಿ. ಯಾರು ಮೊದ್ಲು ಬರ್ತೀವಿ ಅಂತಾರೋ ಅವರಿಗೆ ಕೆಲ್ಸ. ನೀನೂ ದೊಡ್ಡ ಫೋನ್ ತಗೋ."

"ನಾ ನಿಮ್ಮ ಗದ್ದಿ ನೆಡಾಕ ಬಂದಾಗ ನಿನಗ ಮೀಸಿ ಸೈತ ಬಂದಿದ್ದಿಲ್ಲ," ಎಂದೆ.

"ಹಳೇ ಗುರ್ತಿಗೇ ಅಲ್ವಾ ಅಮ್ಮಾ, ಫೋನ್ ತಗೋ ಅಂತ ಹೇಳ್ತಾ ಇರೋದು," ಎಂದು ನಕ್ಕ.

ಸುದ್ದಿ ಓಣಿಗೆಲ್ಲ ಹಬ್ಬಿತು. ನನ್ನ ಓರಗೆಯವಳೊಬ್ಬಳಿದ್ದಾಳೆ. ಮದುವೆಯಾಗಿ ಬಂದಾಗಿನಿಂದ ನಾಟಿಯಲ್ಲಿ ನನ್ನ ಪಕ್ಕಕ್ಕೇ ನಿಲ್ಲುವವಳು. ಅವಳು ಕಟ್ಟೆಯ ಮೇಲೆ ಕೂತು ಎಲ್ಲರೆದುರಿಗೆ ಅಂದಳು:

"ಫೋನ್ ತೊಗೋ, ಇಲ್ಲಾಂದ್ರ ನಾವು ಮಸ್ಕಿ ಕಡೇ ಗುಂಪಿಗೆ ಹೊಕ್ಕೀವಿ. ನಿನ್ನ ಮಾರಿ ನೋಡ್ಕೋತ ಕುಂತ್ರ ಹೊಟ್ಟಿ ತುಂಬೂದಿಲ್ಲ ಬೇ."

ಅವಳು ಹೇಳಿದ್ದು ಸುಳ್ಳಲ್ಲ. ಗುಂಪು ಒಮ್ಮೆ ಒಡೆದರೆ ಮತ್ತೆ ಕೂಡುವುದಿಲ್ಲ. ಕೂಡಿಸುವ ತ್ರಾಣವೂ ನನ್ನಲ್ಲಿ ಉಳಿದಿಲ್ಲ.

ಸೊಸೆಯನ್ನು ಕರೆದುಕೊಂಡು ಸಿಂಧನೂರಿಗೆ ಹೋದೆ. ಅಂಗಡಿಯವನು ನನ್ನ ಸೀರೆ ನೋಡಿಯೇ ಎಲ್ಲಕ್ಕಿಂತ ಅಗ್ಗದ ಫೋನು ಮುಂದಿಟ್ಟ.

"ಇದರಾಗ ಪಿಚ್ಚರ್ ಬರ್ತದ ಅಜ್ಜಿ, ಹಾಡು ಬರ್ತದ."

"ಹಾಡು ನನಗ ಬರ್ತಾವ. ಬಿಸಿಲಾಗ ಕಾಣ್ತದೇನು?"

ಹೊರಗೆ ಒಯ್ದು ಹಿಡಿದೆ. ಅದರಲ್ಲಿ ನನ್ನ ಮುಖ ಕಂಡಿತು, ಬೇರೇನೂ ಕಾಣಲಿಲ್ಲ.

"ಅಗ್ಗದ್ದು ಹಂಗ ಅಜ್ಜಿ. ಸೆರಗು ಮರಿ ಮಾಡ್ರಿ, ಕಾಣ್ತದ."

"ಸೆರಗು ಹಿಡಕೊಂಡು ನಿಂತ್ರ ಸಸಿ ನೆಡಾವ್ರು ಯಾರು, ನೀ ಬರ್ತೀಯೇನು?"

ಹೆಬ್ಬೆರಳಿನಿಂದ ಗಾಜನ್ನು ತಿಕ್ಕಿದೆ. ಮಿಸುಕಲಿಲ್ಲ. ಕೆಸರಿನಲ್ಲಿ ಸಸಿ ಊರಿ ಊರಿ ನನ್ನ ಬೆರಳ ತುದಿಗಳು ಚಪ್ಪಲಿಯ ಅಟ್ಟೆಯಂತಾಗಿವೆ. ಸೊಸೆ ಮುಟ್ಟಿದರೆ ಪಟ್ಟನೆ ತೆರೆಯಿತು. ಅಂಗಡಿಯವನು ಕಿರಿಬೆರಳು ಹಚ್ಚಿ ನೋಡು ಎಂದ. ಹಚ್ಚಿದೆ, ತೆರೆಯಿತು. ಜನ್ಮದಲ್ಲಿ ದುಡಿಯದ ಬೆರಳು ಅದೊಂದೇ, ಫೋನಿಗೂ ಅದೇ ಬೇಕಾಯಿತು.

ಓದಲು ಸರಿಯಾಗಿ ಬರುವುದಿಲ್ಲ ಎಂದೆ. ಒತ್ತಿ ಹಿಡಿದು ಮಾತಾಡಿದರೆ ಮಾತೇ ಹೋಗುತ್ತದೆ ಎಂದು ತೋರಿಸಿದ. ಅದೊಂದು ಹಿಡಿಸಿತು. ಕಡೆಗೆ ಕೇಳಿದೆ:

"ಸುದ್ದಿ ಬಂದ ಮ್ಯಾಲ ನಾ ಓಣಿ ಸುತ್ತಿ ಎಲಿ ಕೊಟ್ಟು ಬಂದು, ಆಮ್ಯಾಲ ಬರ್ತೀವಿ ಅಂತ ಹೇಳಿದ್ರ ನಡೀತದಲ್ಲ?"

ಅವನು ನಕ್ಕ. "ಅಷ್ಟೊತ್ತಿಗೆ ಆ ಗದ್ದಿ ಮತ್ತೊಬ್ರು ನೆಟ್ಟು ಮನಿಗೆ ಹೋಗಿರ್ತಾರ ಅಜ್ಜಿ."

ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಕಾಲು ನೋಯುತ್ತಿತ್ತು, ಅದಕ್ಕೂ ಕೂತೆ. ಅಲ್ಲಿಯವರೆಗೆ ತಪ್ಪು ನನ್ನ ಹಳೆಯ ಫೋನಿನದು ಅಂದುಕೊಂಡಿದ್ದೆ. ಫೋನು ಹಳೆಯದಿರಲಿ ಹೊಸದಿರಲಿ, ಎಲೆ ಕೊಟ್ಟ ಮೇಲೆ ಮಾತು ಕೊಡುವವಳು ಹಿಂದೆಯೇ ಉಳಿಯುತ್ತಾಳೆ. ಇದನ್ನು ಕೊಂಡರೆ ಮೊದಲು ಮಾತು, ಆಮೇಲೆ ಎಲೆ. ಇನ್ನೊಬ್ಬಳ ಬೆನ್ನನ್ನು ಅವಳನ್ನು ಕೇಳದೆ ನಾನು ಹೇಗೆ ಒಪ್ಪಿಸಲಿ?

"ಅತ್ತೀ, ತೊಗೊಂಡ್ರ ತೊಗೋರಿ, ಇಲ್ಲಾಂದ್ರ ಏಳ್ರಿ. ಬಸ್ ತಪ್ಪತೈತಿ," ಎಂದಳು ಸೊಸೆ.

ಗುಂಪೇ ಚದುರಿ ಹೋದ ಮೇಲೆ ಎಲೆ ಹಿಡಿದು ಯಾರ ಮನೆಗೆ ಹೋಗುವುದು? ಕೊಂಡೆ. ಖುಷಿಯಿಂದಲ್ಲ. ಯೋಚನೆ ಮಾಡಿ ಸಾಕಾಗಿತ್ತು.

ಕ್ಯಾಂಪಿನ ರೈತ ನಮ್ಮನ್ನೂ ಗ್ರೂಪಿಗೆ ಸೇರಿಸಿದ. ಒಂದು ಸಂಜೆ ನಾನು ಒಲೆಯ ಮುಂದೆ ಇದ್ದೆ. ಸೊಸೆ ಫೋನು ಹಿಡಿದು ಓಡಿ ಬಂದಳು.

"ಅತ್ತೀ, ನಾಳಿಗೆ ನಾಟಿ ಐತಂತ. ಏನ್ ಹೇಳ್ಲಿ? ಜಲ್ದಿ ಹೇಳ್ರಿ, ಬ್ಯಾರೇದವ್ರು ಹೇಳಿಬಿಡ್ತಾರ!"

ಕೈಯೆಲ್ಲ ಹಿಟ್ಟು. ಅವಳೇ ಒತ್ತಿ ನನ್ನ ಬಾಯಿಗೆ ಹಿಡಿದಳು. "ಬರ್ತೀವಿ," ಎಂದೆ. ಕೆಲಸ ನಮಗೆ ಸಿಕ್ಕಿತು. ಕೈ ತೊಳೆದು ಎಲೆ ಹಿಡಿದು ಓಣಿಗೆ ಹೊರಟೆ. ಒಬ್ಬೊಬ್ಬರೇ ಹಿಡಿದರು. ಸುದ್ದಿ ಆಗಲೇ ಎಲ್ಲರಿಗೂ ಮುಟ್ಟಿತ್ತು, ಸೊಸೆ ಕೂಗಿ ಹೇಳಿದ್ದಳು. ಓರಗೆಯವಳ ಬಾಗಿಲಿಗೆ ಹೋಗಿ ಎಲೆ ಚಾಚಿದೆ. ಅವಳು ಕೈ ಚಾಚಲಿಲ್ಲ.

"ಮಾತು ಕೊಟ್ಟ ಮ್ಯಾಲ ಕೇಳಾಕ ಬಂದಿಯೇನು? ಒಯ್ದು ನಿನ್ನ ಫೋನಿಗೆ ತಿನ್ನಸು ಹೋಗು."

"ಫೋನ್ ತೊಗೋ ಅಂದಾಕಿ ನೀನ."

"ಫೋನ್ ತೊಗೋ ಅಂದೆ. ನನ್ನ ಕೇಳಬ್ಯಾಡ ಅಂದೆನೇನು?"

ಎಲೆ ಸಂಚಿಗೆ ಹಾಕಿಕೊಂಡು ಮನೆಗೆ ಬಂದೆ. ಬೆಳಗ್ಗೆ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಟಂಟಂನಲ್ಲಿ ನನ್ನ ಎದುರಿಗೇ ಕೂತು ಜವಳಗೇರಾ ಮುಟ್ಟುವವರೆಗೆ ಹೊರಗೆ ನೋಡಿದಳು. ಗದ್ದೆಗಿಳಿದಾಗ ಎಂದಿನಂತೆ ನನ್ನ ಪಕ್ಕಕ್ಕೆ ನಿಂತಳು.

ಬಿಸಿಲು ಏರಿದಾಗ ಬದುವಿನ ಮೇಲಿದ್ದ ಫೋನು ಟಣ್ ಎಂದಿತು. ಸೊಸೆ ಕೆಸರು ಕೈ ಒರೆಸಿಕೊಂಡು ಹತ್ತಿದಳು. ಇಬ್ಬರು ಹೆಂಗಸರು ಅವಳ ತಲೆಯ ಮೇಲೆ ಸೆರಗು ಮರೆ ಹಿಡಿದರು. ಅಂಗಡಿಯವನು ಹೇಳಿದ ಹಾಗೇ ಆಯಿತು. ನಾಳೆಗೂ ಕೆಲಸ ಇದೆಯಂತೆ ಎಂದು ಕೂಗಿದಳು. ನಾನು ಬಗ್ಗಿದಲ್ಲಿಂದಲೇ ಪಕ್ಕಕ್ಕೆ ತಿರುಗಿದೆ.

"ನಾಳಿಗೆ ಬರ್ತೀಯೇನು?"

ಅವಳು ಸಸಿ ಊರುವುದನ್ನು ನಿಲ್ಲಿಸಲಿಲ್ಲ. "ಕೇಳ್ಕೋತ ಕುಂತ್ರ ಕೆಲಸ ಹೋತು. ಹ್ಞೂಂ ಅಂತ ಹೇಳು ಲಗೂನ."

ಹೇಳಿದೆ.

ಫೋನು ಕೊಂಡದ್ದು ಲುಕ್ಸಾನವೇನೂ ಅಲ್ಲ. ಆ ನಾಟಿ ಮುಗಿಯುವವರೆಗೆ ಕೆಲಸ ತಪ್ಪಲಿಲ್ಲ, ಗುಂಪು ಒಡೆಯಲಿಲ್ಲ. ಸಂಜೆ ಓಣಿ ಸುತ್ತುವುದನ್ನು ಬಿಟ್ಟೆ. ಎಲ್ಲರಿಗೂ ಗೊತ್ತಾದ ಮೇಲೆ ಎಲೆ ಹಿಡಿದು ಹೋಗುವುದು ನನಗೇ ನಾಚಿಕೆ ಅನಿಸಿತು. ಮೊಣಕಾಲಿಗೂ ಆರಾಮಾಯಿತು.

ಆ ಮೊದಲ ದಿನ ಮಧ್ಯಾಹ್ನ ಬುತ್ತಿ ಉಂಡು ಬದುವಿನ ಮೇಲೆ ಕೂತಿದ್ದೆವು. ಹಿಂದಿನ ಸಂಜೆ ಅವಳು ಹಿಡಿಯದ ಎಲೆ ನನ್ನ ಸಂಚಿಯಲ್ಲಿ ಬಾಡಿತ್ತು. ಓರಗೆಯವಳು ತನ್ನ ಸಂಚಿ ಬಿಚ್ಚಿ, ತನ್ನದೇ ಎಲೆ ತೊಡೆಯ ಮೇಲೆ ಒರೆಸಿಕೊಂಡಳು.

"ಸುಣ್ಣ ಐತೇನು ಬೇ?" ಎಂದಳು.

ಕೊಟ್ಟೆ.